ಗವಾಕ್ಷಿ ಮುಚ್ಚಿದ ಮೇಲೆ ಮೆನು ತೆರೆಯಿರಿ

ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬಂದಿದ್ದಾರೆ, ಮಧ್ಯಾಹ್ನ ಮೂರೂವರೆಯ ಐಪಿಎಲ್ ಪಂದ್ಯವನ್ನು ದೊಡ್ಡದಾಗಿ ತೋರಿಸೋಣ ಎಂದು ಪ್ರೊಜೆಕ್ಟರ್ ತರಿಸಿದೆ. ಡಬ್ಬಿಯ ಮೇಲೆ 12,000 ಲುಮೆನ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು; ಲುಮೆನ್ ಎಂದರೆ ಯಂತ್ರ ಬಿಡುವ ಒಟ್ಟು ಬೆಳಕಿನ ಅಳತೆ. ಪಡಸಾಲೆಯ ಪೂರ್ವದ ಗೋಡೆಗೆ ನೂರು ಇಂಚಿನ ಚಿತ್ರ ಬಿಟ್ಟೆ. "ಆಟಗಾರರು ಎಲ್ಲಿದ್ದಾರಪ್ಪ?" ಎಂದು ಅವ್ವ ಕೇಳಿದಳು. ಅವಳ ಕಣ್ಣಿನ ತಪ್ಪಲ್ಲ. ಬಾಳೆ ಎಲೆಯ ಮೇಲೆ ಮಜ್ಜಿಗೆ ಚೆಲ್ಲಿದಂತೆ ತೆಳು ಹಸಿರೊಂದು ಬಿಟ್ಟರೆ ಗೋಡೆಯ ಮೇಲೆ ಏನೂ ಇರಲಿಲ್ಲ.

ನಮ್ಮದು ಬಳ್ಳಾರಿಯ ಹಳೆಯ ಮಾಳಿಗೆ ಮನೆ. ಪಡಸಾಲೆಯ ನಡುವೆ ಗವಾಕ್ಷಿ, ಅಂದರೆ ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಕಿಂಡಿ, ಇದೆ. ಏಪ್ರಿಲ್ ತಿಂಗಳ ಬಿಸಿಲು ಅದರೊಳಗಿನಿಂದ ಕೊಡದಲ್ಲಿ ಸುರಿದಂತೆ ಇಳಿಯುತ್ತದೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ರಿಮೋಟ್ ಹಿಡಿದು ಬ್ರೈಟ್‌ನೆಸ್ ಅನ್ನು 50ರಿಂದ 100ಕ್ಕೆ ಏರಿಸಿದೆ. ಇದ್ದ ಚೂರುಪಾರು ಚಿತ್ರವೂ ಸುಣ್ಣದ ನೀರಾಯಿತು.

ಮೆನುವಿನಲ್ಲಿರುವ ಶಬ್ದಗಳಲ್ಲಿ ಇಷ್ಟು ಮೋಸದ ಹೆಸರು ಇನ್ನೊಂದಿಲ್ಲ. ಬ್ರೈಟ್‌ನೆಸ್ ಎಂಬ ಗುಂಡಿ ದೀಪದ ಬೆಳಕನ್ನು ಹೆಚ್ಚಿಸುವುದಿಲ್ಲ. ಚಿತ್ರದ ಕಪ್ಪು ಎಷ್ಟು ಕಪ್ಪಾಗಿರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಏರಿಸಿದಷ್ಟೂ ಕಪ್ಪು ಬೂದಿಯಾಗುತ್ತದೆ. ಬಿಳಿಯನ್ನು ಏರಿಸುವುದು ಕಾಂಟ್ರಾಸ್ಟ್. ದೀಪವನ್ನೇ ಏರಿಸಿ ಇಳಿಸುವುದು ಬೇರೆಲ್ಲೋ ಈಕೊ ಮೋಡ್ ಎಂಬ ಹೆಸರಿನಲ್ಲಿ ಅಡಗಿರುತ್ತದೆ, ಕರೆಂಟ್ ಉಳಿಸಲು ದೀಪವನ್ನು ಮಂಕಾಗಿಸುವುದು ಅದೇ. ಹಗಲು ಹೊತ್ತಿನಲ್ಲಿ ಮೊದಲು ಆಫ್ ಮಾಡಬೇಕಾದದ್ದು ಅದನ್ನು.

ಇನ್ನೊಂದು ಮಾತು. ಪ್ರೊಜೆಕ್ಟರ್‌ಗೆ ಕಪ್ಪನ್ನು ಬಿಡಲು ಬರುವುದಿಲ್ಲ, ಬೆಳಕು ಬಿಡಲು ಮಾತ್ರ ಬರುತ್ತದೆ. ಅದು ಬೆಳಕು ಬಿಡದ ಜಾಗವೇ ಕಪ್ಪು. ಆ ಜಾಗದ ಮೇಲೆ ಗವಾಕ್ಷಿಯ ಬೆಳಕು ಬಿದ್ದಿದ್ದರೆ ನಿಮ್ಮ ಕಪ್ಪು ಎಂದರೆ ಸುಣ್ಣ ಬಳಿದ ಗೋಡೆಯೇ.

ಡಬ್ಬಿಯೊಳಗಿನ ಪುಸ್ತಕದ ಕೊನೆಯ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, 400 ಆನ್ಸಿ ಲುಮೆನ್ ಎಂದಿತ್ತು. ಆನ್ಸಿ, ಐಎಸ್ಒ ಎಂದರೆ ಮಾನದಂಡ ರೂಪಿಸುವ ಸಂಸ್ಥೆಗಳು; ಲೆಕ್ಕಕ್ಕೆ ಹಿಡಿಯಬೇಕಾದದ್ದು ಅವುಗಳ ಹೆಸರು ಬರೆದ ಅಂಕಿಯನ್ನು ಮಾತ್ರ. ಹೊರಗಿನ 12,000 ಜಾತ್ರೆಯ ಕೂಗು. ನೂರು ಇಂಚಿನ ಚಿತ್ರವೆಂದರೆ ಸುಮಾರು ಎರಡೂಮುಕ್ಕಾಲು ಚದರ ಮೀಟರ್. ಅದರ ಮೇಲೆ 400 ಲುಮೆನ್ ಹರಡಿದರೆ ಚದರ ಮೀಟರಿಗೆ ಬೀಳುವುದು 145 ಲುಮೆನ್, ಅಂದರೆ 145 ಲಕ್ಸ್. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಇಟ್ಟು ಗೋಡೆಯ ಹತ್ತಿರ ನೋಡಿದೆ, ಗವಾಕ್ಷಿಯಿಂದ ಬರುತ್ತಿದ್ದದ್ದೇ 120. ಅಂದರೆ ಅತಿ ಬಿಳಿಯ ಜಾಗದಲ್ಲಿ 265, ಅತಿ ಕಪ್ಪು ಜಾಗದಲ್ಲಿ 120. ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇದನ್ನು ಯಾವ ಮೆನು ಸರಿಮಾಡೀತು?

ಹಂಪಿ ನೆನಪಾಯಿತು. 2021ರಲ್ಲಿ ಅದು ವಿಜಯನಗರ ಜಿಲ್ಲೆಗೆ ಹೋಯಿತು, ನಮ್ಮ ಬಾಯಲ್ಲಿ ಇನ್ನೂ ನಮ್ಮದೇ. ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ರಾಜಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಲ್ಯಾಂಪ್ ಇಲ್ಲ, ಲೆನ್ಸ್ ಇಲ್ಲ, ಕರೆಂಟ್ ಹೋಗುವ ಭಯವೂ ಇಲ್ಲ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ನಟ್ಟನಡು ಹಗಲಿನಲ್ಲಿ ಅದು ಕಾಣಿಸುವುದು ಬೆಳಕಿನ ಜೋರಿನಿಂದಲ್ಲ, ಕೋಣೆಯ ಕತ್ತಲೆಯಿಂದ.

ಮನೆಗೆ ಬಂದ ಭಾವನ ಸಲಹೆ ಬೇರೆಯೇ: "ಇನ್ನೂ ದೊಡ್ಡ ಮಷಿನ್ ತರಿಸು." ನಾನು ತರಿಸಿದ್ದು ಬಟ್ಟೆ. ಪರಿಚಯದವರ ಜೀನ್ಸ್ ಗಾರ್ಮೆಂಟ್‌ನಲ್ಲಿ ಉಳಿದಿದ್ದ ಕಪ್ಪು ಡೆನಿಮ್ ತುಂಡುಗಳನ್ನು ಎರಡು ಪದರ ಹೊಲಿಸಿ ಕಿಟಕಿಗೆ ಇಳಿಬಿಟ್ಟೆ. ಜೀನ್ಸ್ ಹೊಲಿಯುವ ಊರಿನಲ್ಲಿ ಪರದೆ ಬಟ್ಟೆಗೆ ದುಡ್ಡು ಸುರಿಯುವುದು ನನ್ನ ದೃಷ್ಟಿಯಲ್ಲಿ ಅವಮಾನ. ಗವಾಕ್ಷಿಗೆ ಮಳೆ ಬಂದಾಗ ಎಳೆಯುವ ತಗಡು ಇದ್ದೇ ಇತ್ತು. "ಹಾಡುಹಗಲಲ್ಲಿ ಮನೆ ಕತ್ತಲೆ ಮಾಡಿಕೊಳ್ಳುತ್ತಾರೇನೋ?" ಎಂದು ಅವ್ವ ಗೊಣಗಿದಳು. ಸೆಕೆಯ ವಿಷಯದಲ್ಲಿ ಅವಳ ತಕರಾರು ನ್ಯಾಯವಾದದ್ದೇ. ಅರ್ಧ ಗಂಟೆಯಲ್ಲಿ ಪಡಸಾಲೆ ಕುಲುಮೆಯಾಯಿತು, ಪ್ರೊಜೆಕ್ಟರಿನ ಫ್ಯಾನ್ ಕೂಡ ಏದುಸಿರು ಬಿಡತೊಡಗಿತು. ನಮ್ಮ ಊರಿನ ಧೂಳಿಗೆ ಅದರ ಫಿಲ್ಟರ್ ಅನ್ನು ತಿಂಗಳಿಗೊಮ್ಮೆ ಕೊಡವದಿದ್ದರೆ ಉಳಿಗಾಲವಿಲ್ಲ.

ಮೀಟರ್ 15 ಲಕ್ಸ್ ತೋರಿಸಿತು. ಆಮೇಲೆ ಯಂತ್ರವನ್ನು ಗೋಡೆಯ ಹತ್ತಿರಕ್ಕೆ ಸರಿಸಿ ಚಿತ್ರವನ್ನು ಅರವತ್ತು ಇಂಚಿಗೆ ಇಳಿಸಿದೆ. ಭಾವನಿಗೆ ಇದು ಸೋಲಿನಂತೆ ಕಂಡಿತು. ಆದರೆ ಅದೇ 400 ಲುಮೆನ್ ಈಗ ಸುಮಾರು ಒಂದು ಚದರ ಮೀಟರಿನ ಮೇಲೆ ಬೀಳುತ್ತದೆ, ಅಂದರೆ 400 ಲಕ್ಸ್. ಬಿಳಿ 415, ಕಪ್ಪು 15, ಇಪ್ಪತ್ತೇಳು ಪಟ್ಟಿಗೂ ಹೆಚ್ಚು. ಯಂತ್ರ ಅದೇ, ಗೋಡೆ ಅದೇ. ನೂರಿಪ್ಪತ್ತು ಇಂಚಿನ ಬೂದಿಯ ಬಗ್ಗೆ ಹೆಮ್ಮೆಪಡುವವರು ಪಡಲಿ, ನಾನು ಅರವತ್ತರ ಪಕ್ಷ.

ಮೆನುವಿಗೆ ಕೈಹಾಕಬೇಕಾದದ್ದು ಈಗ. ಕಪ್ಪು ಕೂದಲಿನ ಮುಖವೊಂದು ಹತ್ತಿರದಿಂದ ಕಾಣುವ ದೃಶ್ಯದಲ್ಲಿ ನಿಲ್ಲಿಸಿ, ಕೂದಲೆಲ್ಲ ಒಂದೇ ಮುದ್ದೆಯಾಗುವವರೆಗೆ ಬ್ರೈಟ್‌ನೆಸ್ ಇಳಿಸಿ, ಎಳೆಗಳು ಬಿಡಿಬಿಡಿಯಾಗಿ ಕಾಣುವಷ್ಟೇ ಮತ್ತೆ ಏರಿಸಿದೆ. ಬಿಳಿ ಪಂಚೆಯುಟ್ಟವರ ದೃಶ್ಯದಲ್ಲಿ ಮಡಿಕೆಗಳು ಮಾಯವಾಗುವವರೆಗೆ ಕಾಂಟ್ರಾಸ್ಟ್ ಏರಿಸಿ ಎರಡು ಹೆಜ್ಜೆ ಹಿಂದೆ ಬಂದೆ. ಗಾಮಾ ಎಂಬುದಿದ್ದರೆ ರಾತ್ರಿಗೆ 2.4 ಚೆಂದ, ಹಗಲಿಗೆ 2.0ರ ಆಸುಪಾಸಿಗೆ ಇಳಿಸಿದರೆ ಕಪ್ಪನ್ನೂ ಬಿಳಿಯನ್ನೂ ಮುಟ್ಟದೆ ನಡುವಿನ ಛಾಯೆಗಳಷ್ಟೇ ಮೇಲೇಳುತ್ತವೆ, ನೆರಳಿನಲ್ಲಿ ನಿಂತ ಫೀಲ್ಡರ್ ಕಾಣಿಸುತ್ತಾನೆ. ಬಣ್ಣವನ್ನು ಒಂದು ಚಿಟಿಕೆ ಹೆಚ್ಚಿಸಬಹುದು. ಮೆನುವಿನ ಸಿದ್ಧ ಆಯ್ಕೆಗಳಲ್ಲಿ ಡೈನಮಿಕ್ ಮೋಡ್ ಪ್ರಖರವೇ ನಿಜ, ಆದರೆ ಲ್ಯಾಂಪ್ ಇರುವ ಯಂತ್ರಗಳಲ್ಲಿ ಅದು ಮುಖಗಳಿಗೆ ಪಾಚಿ ಬಳಿಯುತ್ತದೆ. ಓರೆಯಾಗಿ ಬಿದ್ದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಬಳಸದೆ ಯಂತ್ರವನ್ನೇ ನೆಟ್ಟಗೆ ಇಡಿ, ಕೀಸ್ಟೋನ್ ಚಿತ್ರದ ಜೊತೆ ಬೆಳಕನ್ನೂ ಕತ್ತರಿಸುತ್ತದೆ.

ಇಷ್ಟಾದರೂ ಹಗಲಿನಲ್ಲಿ ನೋಡಬಹುದಾದದ್ದು ಕ್ರಿಕೆಟ್, ಕಾರ್ಟೂನ್, ಹಾಡು. ರಾತ್ರಿಯಲ್ಲೇ ನಡೆಯುವ ಕೊಲೆಯ ಸಿನಿಮಾವನ್ನು ಮಧ್ಯಾಹ್ನ ಹಾಕಿದರೆ ಕೊಂದವನೂ ಕಾಣಿಸುವುದಿಲ್ಲ, ಸತ್ತವನೂ ಕಾಣಿಸುವುದಿಲ್ಲ.

ಮೊನ್ನೆಯ ಪಂದ್ಯ ಚೆನ್ನಾಗಿಯೇ ಸಾಗಿತ್ತು. ನಾಲ್ಕೂವರೆಯ ಹೊತ್ತಿಗೆ ಅಕ್ಕನ ಚಿಕ್ಕ ಮಗ ಕೂಗಿದ: "ಮಾವ, ಎರಡು ಚೆಂಡು!" ತಗಡಿನಲ್ಲಿ ಮೊಳೆಯ ತೂತೊಂದಿತ್ತು. ಸೂರ್ಯ ಪಡುವಣಕ್ಕೆ ಇಳಿದಂತೆ ಆ ತೂತಿನ ಬೆಳಕು ನೆಲದಿಂದ ಗೋಡೆಗೆ ಹತ್ತಿ, ರೂಪಾಯಿಗಿಂತ ತುಸು ದೊಡ್ಡ ಬಿಲ್ಲೆಯಾಗಿ ಮೈದಾನದ ಮೂಲೆಗೆ ಬಂದು ನಿಂತಿತ್ತು. ನನ್ನ 400 ಲುಮೆನ್‌ಗಿಂತ ಎಷ್ಟೋ ಪ್ರಖರ. ಹಂಪಿಯ ಗೋಪುರದಂತೆ ಇದು ಸೂರ್ಯನದೇ ಚಿತ್ರ ಎಂದು ಹೇಳಿದೆ. ಮಕ್ಕಳು ಪಂದ್ಯ ಬಿಟ್ಟು ಅದರ ಹಿಂದೆ ಬಿದ್ದರು, ಸೀಮೆಸುಣ್ಣದಿಂದ ನಿಮಿಷಕ್ಕೊಮ್ಮೆ ಅದರ ಸುತ್ತ ಗುರುತು ಹಾಕಿದರು. ತೂತು ಮುಚ್ಚಲು ಎಂ-ಸೀಲ್ ತಂದಿಟ್ಟಿದ್ದೇನೆ, ಪೊಟ್ಟಣ ಇನ್ನೂ ಒಡೆದಿಲ್ಲ.