ಪಾಪ ಅರಿಕೆಗೆ ಒಂದು ನಿಮಿಷ, ಸನ್ಮಾನಕ್ಕೆ ಅರ್ಧ ಗಂಟೆ

ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಆರಾಧನೆ ಬಗ್ಗೆ ಜಗಳ ಅಂದರೆ ಡ್ರಮ್ಸ್ ಬೇಕೋ ಬೇಡವೋ, ಹಳೇ ಗೀತೆಯೋ ಹೊಸ ಹಾಡೋ, ಅಷ್ಟೇ. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಬೈಬಲಿನ 150ನೇ ಕೀರ್ತನೆಯಲ್ಲಿ ಕೊಂಬು, ಕಿನ್ನರಿ, ದಮ್ಮಡಿ, ಕೊಳಲು, ತಾಳ ಎಲ್ಲವೂ ಇವೆ. ಬಾರಿಸಿ. ನಾನು ಕೇಳುವುದು ಇಷ್ಟೇ: ಎರಡು ಗಂಟೆ ಕೂತು ಎದ್ದ ಹೊಸಬನಿಗೆ ನಮ್ಮ ದೇವರು ಎಂಥವನು ಅಂತ ಗೊತ್ತಾಗುತ್ತದಾ?

ಪ್ರೀತಿಸುತ್ತಾನೆ, ಆಶೀರ್ವದಿಸುತ್ತಾನೆ ಅಂತ ಖಂಡಿತ ಗೊತ್ತಾಗುತ್ತದೆ. 'ಪರಿಶುದ್ಧನು' ಅಂತಲೂ ಜೋರಾಗಿ ಹಾಡುತ್ತೇವೆ. ಆದರೆ ಬೈಬಲಿನಲ್ಲಿ ಪ್ರವಾದಿ ಯೆಶಾಯನ ಪುಸ್ತಕದ 6ನೇ ಅಧ್ಯಾಯ ಓದಿ. ದೇವರ ಸಿಂಹಾಸನದ ಬಳಿಯ ಸೆರಾಫಿಯರು ಎಂಬ ದೂತರು ಮೂರು ಸಲ 'ಪರಿಶುದ್ಧನು' ಅಂತ ಕೂಗುವಾಗ ರೆಕ್ಕೆಗಳಿಂದ ಮುಖ ಮುಚ್ಚಿಕೊಂಡಿದ್ದರು. ಅದನ್ನು ಕೇಳಿದ ಪ್ರವಾದಿ ಚಪ್ಪಾಳೆ ತಟ್ಟಲಿಲ್ಲ, 'ನಾನು ಕೆಟ್ಟೆ' ಅಂದ. ಯಜ್ಞವೇದಿಯ ಕೆಂಡ ತುಟಿಗೆ ತಾಗಿ ಪಾಪ ಪರಿಹಾರವಾದ ಮೇಲೆಯೇ 'ನನ್ನನ್ನು ಕಳುಹಿಸು' ಅನ್ನಲು ಅವನಿಗೆ ಬಾಯಿ ಬಂದದ್ದು. ನಾವು ಆ ಕೆಂಡವನ್ನೇ, ಅಂದರೆ ಪಾಪ ಒಪ್ಪಿಕೊಳ್ಳುವ ಘಳಿಗೆಯನ್ನೇ, ಬಿಟ್ಟು ಮುಂದೆ ಹೋಗುತ್ತೇವೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಆರಾಧನಾ ಕ್ರಮದಲ್ಲಿ ಪಾಪ ಅರಿಕೆ ಅಚ್ಚಾಗಿಯೇ ಇದೆ, ಪುಣ್ಯ. ಆದರೆ ಎಷ್ಟೋ ಕಡೆ ಅದನ್ನು ಉಸಿರು ಬಿಡದೆ ಓದಿ ಮುಗಿಸುತ್ತಾರೆ. ಒಂದೆರಡು ನಿಮಿಷ ಸುಮ್ನೆ ಕೂತರೆ ಏನು ನಷ್ಟ?

ದೇವರು ಎಲ್ಲವನ್ನೂ ಬಲ್ಲವನು ಅಂತಲೂ ನಂಬುತ್ತೇವೆ, ಅಲ್ವಾ? ಹಾಗಿದ್ದರೆ ಅವನೆದುರು ಖುಷಿಯ ಮುಖ ಹಾಕಿಕೊಂಡು ನಿಲ್ಲುವುದು ಯಾಕೆ? ಹೋದ ವಾರವಷ್ಟೇ ಗಂಡನನ್ನು ಮಣ್ಣು ಮಾಡಿ ಬಂದ ಅಕ್ಕನಿಗೂ 'ಎಲ್ಲರೂ ನಗುತ್ತಾ ಕೈ ಎತ್ತಿ' ಅನ್ನುತ್ತಾರೆ ಹಾಡು ನಡೆಸುವವರು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಸ್ತೋತ್ರ ಇಲ್ಲ. ಅದೂ ದೇವರ ವಾಕ್ಯವೇ. ಅದನ್ನು ಸಭೆಯಲ್ಲಿ ಓದಿದ್ದು ನೀವು ಯಾವಾಗಲಾದರೂ ಕೇಳಿದ್ದೀರಾ?

ನನಗೆ ಜಾಸ್ತಿ ಸಿಟ್ಟು ಬರುವುದು ಮಾತ್ರ ಸನ್ಮಾನಕ್ಕೆ. ಮುಂದಿನ ಸಾಲಿನಲ್ಲಿ ಸೋಫಾ, ಪ್ರಸಂಗದ (ಪಾದ್ರಿಯ ಬೋಧನೆಯ) ನಡುವೆ ಬಂದಿಳಿಯುವ ಮುಖಂಡರು, ಶಾಲು, ಹಾರ, ಫೋಟೋ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಬಡವನಿಗೆ ನೆಲ ಅನ್ನಬೇಡಿ ಅಂತ ಯಾಕೋಬ ಬೈಬಲಿನ ತನ್ನ ಪತ್ರಿಕೆಯಲ್ಲಿ ಬರೆದದ್ದು ಇಂಥದ್ದಕ್ಕೇ. ಪ್ರವಾದಿ ಆಮೋಸನ ಬಾಯಲ್ಲಿ ದೇವರು ಇನ್ನೂ ಖಾರವಾಗಿ ಮಾತಾಡುತ್ತಾನೆ: ನಿಮ್ಮ ಹಾಡಿನ ಗದ್ದಲ ತೊಲಗಿಸಿ, ನ್ಯಾಯ ನೀರಿನಂತೆ ಹರಿಯಲಿ. ಪಕ್ಷಪಾತ ಇಲ್ಲದ ದೇವರ ಮುಂದೆ ನಾವೇ ಸೀಟು ಹಂಚುವುದು ಅವನಿಗೆ ಮಾಡುವ ಅವಮಾನ ಅಂತಲೇ ನನ್ನ ಅಭಿಪ್ರಾಯ.

ಸನ್ಮಾನ ಬೇಕೇ ಬೇಕು ಅನ್ನುವ ಹಿರಿಯರಿದ್ದರೆ ಆರಾಧನೆ ಮುಗಿದ ಮೇಲೆ, ಊಟಕ್ಕೆ ಮುಂಚೆ, ಹೊರಗೆ ಶಾಮಿಯಾನದಲ್ಲಿ ಇಟ್ಟುಕೊಳ್ಳಲಿ. ಆಸಕ್ತಿ ಇದ್ದವರು ನಿಲ್ಲುತ್ತಾರೆ.