ಸ್ಪಷ್ಟನೆ: ವಾಟ್ಸಾಪ್‌ಗೆ ಕಳಿಸಿದ ಮೇಲೆ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ

‘ಆಜಾದ್ ಮೈದಾನದ ಧರಣಿಯಲ್ಲಿ ಎದೆಗೆ ಕಟ್ಟಿದ ಕ್ಯಾಮೆರಾದಿಂದ ತೆಗೆದ ವಿಡಿಯೊವನ್ನು ಗುಂಪಿಗೆ ಹಾಕಿದರೆ ಸಾಕ್ಷ್ಯ ಭದ್ರ, ಕಾರ್ಡ್ ಖಾಲಿ ಮಾಡಬಹುದು’ ಎಂಬ ಸಂದೇಶ ಮುಂಬೈ ಕನ್ನಡಿಗರ ನಡುವೆ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ವಿಡಿಯೊ ಎಂದೇ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಹೊಸ ಫೈಲ್ ಮಾಡುತ್ತದೆ. ಮುಖ, ನಂಬರ್ ಪ್ಲೇಟ್ ಮಸುಕಾಗುತ್ತವೆ. ಹ್ಯಾಶ್ ಮೌಲ್ಯವೂ (ಫೈಲ್‌ನಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲಿ ಆ ಹ್ಯಾಶ್ ಬರೆಯಲೇಬೇಕು. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಫೈಲ್ ಹಾಗೇ ಉಳಿಯುತ್ತದೆ, ಆದರೂ ಮೂಲ ಕಾರ್ಡ್‌ಗೆ ಅದು ಬದಲಿಯಲ್ಲ.

ಕಾರ್ಡನ್ನು ಫೋನಿಗೆ ಹಾಕಬೇಡಿ, ಫೋನ್ ಅದರ ಮೇಲೆ ತನ್ನ ಫೈಲ್‌ಗಳನ್ನು ಬರೆದುಬಿಡುತ್ತದೆ. ಕ್ಯಾಮೆರಾದ ಚಿಕ್ಕ ಮೈಕ್ರೊ ಎಸ್‌ಡಿ ಕಾರ್ಡ್‌ಗೆ ಬರೆಯುವುದನ್ನು ತಡೆಯುವ ಲಾಕ್ ಇಲ್ಲ. ಲಾಕ್ ಇರುವ ಅಡಾಪ್ಟರ್‌ನಲ್ಲಿಟ್ಟು, ಲಾಕ್ ಹಾಕಿ, ಕಂಪ್ಯೂಟರಿಗೆ ನಕಲಿಸಿ. ಮೂಲ ಮತ್ತು ನಕಲು ಎರಡರ ಎಸ್‌ಎಚ್‌ಎ-256 (ಒಂದು ಬಗೆಯ ಹ್ಯಾಶ್) ತಾಳೆ ನೋಡಿ. ಒಂದೇ ದೃಶ್ಯ ಹಲವು ತುಂಡುಗಳಲ್ಲಿದ್ದರೆ ಗಾಬರಿ ಬೇಡ: ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯ ಕಾರ್ಡ್‌ನಲ್ಲಿ ಒಂದು ಫೈಲ್ 4 ಜಿಬಿ ಮೀರಲಾರದು. ತುಂಡುಗಳನ್ನು ಜೋಡಿಸಬೇಡಿ, ಹೆಸರನ್ನೂ ಬದಲಿಸಬೇಡಿ.

ಹೊರಡುವ ಮುನ್ನ ಲೂಪ್ ರೆಕಾರ್ಡಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಹಳೆಯ ದೃಶ್ಯದ ಮೇಲೆ ಹೊಸದು ಬರುತ್ತದೆ. ಬ್ಯಾಟರಿ ತೆಗೆದರೆ ಕೆಲವು ಕ್ಯಾಮೆರಾಗಳ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಪ್ರತಿ ಬ್ಯಾಟರಿ ಬದಲಿಸಿದ ಕೂಡಲೇ ಫೋನಿನ ಸಮಯವನ್ನು ಹತ್ತು ಸೆಕೆಂಡ್ ಚಿತ್ರಿಸಿ. 1080ಪಿ ಗುಣಮಟ್ಟ, 30 ಎಂಬಿಪಿಎಸ್ (ಸೆಕೆಂಡಿಗೆ 30 ಮೆಗಾಬಿಟ್) ದರದಲ್ಲಿ ಗಂಟೆಗೆ ಸುಮಾರು 13.5 ಜಿಬಿ ಬೇಕು. 64 ಜಿಬಿ ಕಾರ್ಡ್‌ಗೆ ನಾಲ್ಕು ಗಂಟೆ ಎಂದು ಲೆಕ್ಕವಿಡಿ.