ಇಲ್ಲಿಗೆ ಈ ಪ್ರಸಾರ ಮುಕ್ತಾಯ

ನಿನ್ನೆ ಸಂಜೆ ಮೈಸೂರಿನಿಂದ ಬರುವ ರೈಲಿನಲ್ಲಿ ಎದುರು ಸೀಟಿನವರು ಮದ್ದೂರಿಗೆ ಮುಂಚೆಯೇ ನಿದ್ದೆ ಹೋದರು. ಎದೆಯ ಮೇಲೆ ಮೊಬೈಲ್. ಅದಕ್ಕೆ ಮಾತ್ರ ನಿದ್ದೆಯಿಲ್ಲ. ಅಡುಗೆ ಮುಗಿದರೆ ರಾಜಕೀಯ, ರಾಜಕೀಯ ಮುಗಿದರೆ ಜ್ಯೋತಿಷ್ಯ, ಒಂದಾದ ಮೇಲೊಂದು ತಾನಾಗಿಯೇ. ಅವರು ಉಸಿರೆಳೆದಾಗಲೆಲ್ಲ ಜ್ಯೋತಿಷಿಯ ಮುಖ ಮೇಲೇರಿ ಕೆಳಗಿಳಿಯುತ್ತಿತ್ತು. ಕೇಳುವವರೇ ಇಲ್ಲ, ಆದರೂ ನಿಲ್ಲುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಉರಿಯದೆ ಏನು? ರೇಡಿಯೊದಲ್ಲಿ "ಇಲ್ಲಿಗೆ ಈ ಪ್ರಸಾರ ಮುಕ್ತಾಯವಾಯಿತು" ಎಂದು ಹೇಳಿಯೇ ಹನ್ನೊಂದು ವರ್ಷ ಅನ್ನ ತಿಂದವಳು ನಾನು. ಈಗ ನಿದ್ದೆ ಬಾರದ ರಾತ್ರಿ ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿಯ ಹಳೆಯ ರೇಡಿಯೊ ಕಾರ್ಯಕ್ರಮ ಪಟ್ಟಿಗಳನ್ನು ಓದುತ್ತೇನೆ. ನಗಬೇಡಿ, ನಿಮ್ಮಲ್ಲಿ ಪಂಚಾಂಗ ಓದುವವರಿಲ್ಲವೇ?

1950ರ ಬ್ರಿಟನ್ನಿನ ಒಂದು ದಿನ ನೋಡಿ. ಬಿಬಿಸಿಯದೇ ಮೂರು ರೇಡಿಯೊ ವಾಹಿನಿಗಳು: ಮನೆ ಮಂದಿಗೆಲ್ಲ ಹೋಮ್ ಸರ್ವಿಸ್, ಹಾಡು-ಹರಟೆಗೆ ಲೈಟ್ ಪ್ರೋಗ್ರಾಂ, ಸಂಜೆಯಾದ ಮೇಲೆ ಬುದ್ಧಿವಂತರಿಗೆ ಥರ್ಡ್ ಪ್ರೋಗ್ರಾಂ. ಬೆಳಿಗ್ಗೆ ಹತ್ತೂವರೆಗೆ ಕಾರ್ಖಾನೆಯವರಿಗೆ ಅರ್ಧ ಗಂಟೆಯ ಸಂಗೀತ. ಕೇಳುಗರು ತಾಳಕ್ಕೆ ಉಪಕರಣ ಹಿಡಿದು ಯಂತ್ರಗಳನ್ನೇ ಬಡಿಯುತ್ತಾರೆಂದು ಚಪ್ಪಾಳೆಯ ಹಾಡೊಂದನ್ನು ಅದರಿಂದ ದೂರ ಇಟ್ಟಿದ್ದರಂತೆ! ಅರ್ಧ ಗಂಟೆಯಾಯಿತೋ, ಮುಗಿಯಿತು. ಮಧ್ಯಾಹ್ನ 1:45ಕ್ಕೆ ಪುಟ್ಟ ಮಕ್ಕಳ ಕಥೆ, 'ಲಿಸನ್ ವಿತ್ ಮದರ್'. "ಆರಾಮವಾಗಿ ಕುಳಿತಿರಾ? ಹಾಗಾದರೆ ಶುರು ಮಾಡುತ್ತೇನೆ" ಎನ್ನುವುದು, ಹದಿನೈದು ನಿಮಿಷ, ಮುಗಿಯಿತು. ಎರಡು ಗಂಟೆಗೆ ಮಹಿಳೆಯರಿಗಾಗಿ 'ವುಮನ್ಸ್ ಅವರ್'. 1946ರಲ್ಲಿ ಅದನ್ನು ಮೊದಲು ನಡೆಸಿಕೊಟ್ಟವರು ಒಬ್ಬ ಗಂಡಸು ಎಂಬುದನ್ನು ಓದಿ ನಾನು ಗಟ್ಟಿಯಾಗಿ ನಕ್ಕಿದ್ದೆ. ಐದಕ್ಕೆ ಮಕ್ಕಳ ಕಾರ್ಯಕ್ರಮ, ಆರಕ್ಕೆ ವಾರ್ತೆ. ನಡುರಾತ್ರಿಯ ಹೊತ್ತಿಗೆ ಎಲ್ಲವೂ ಬಂದ್. ಪೆಟ್ಟಿಗೆಯಲ್ಲಿ ಇನ್ನೇನೂ ಇಲ್ಲ, ಹೋಗಿ ಮಲಗಿ.

ಮುಗಿಯುತ್ತಿತ್ತು ಸ್ವಾಮಿ. ನನ್ನ ತಕರಾರು ಇಷ್ಟೇ.

1952ರ ಫೆಬ್ರವರಿ 6ರಂದು ದೊರೆ ಆರನೆಯ ಜಾರ್ಜ್ ತೀರಿಕೊಂಡಾಗ ಬೆಳಿಗ್ಗೆ 11:15ಕ್ಕೆ ಅದನ್ನು ಓದಿದರು. ಆಮೇಲೆ ವಾರ್ತೆ, ಹಡಗುಗಳವರಿಗೆ ಬೇಕಾದ ಹವಾಮಾನ, ಅಂಥ ಅಗತ್ಯದ ಕೆಲವನ್ನು ಬಿಟ್ಟು ಉಳಿದದ್ದನ್ನು ನಿಲ್ಲಿಸಿದರು. ಸಾವಿನ ದಿನ ಹೇಳುವುದಕ್ಕೆ ಇದ್ದದ್ದು ಅಷ್ಟೇ. ಈಗ ಯಾರಾದರೂ ದೊಡ್ಡವರು ಹೋದರೆ ನಮ್ಮ ಟಿವಿಗಳು ಆಸ್ಪತ್ರೆಯ ಗೇಟನ್ನು ಆರು ಗಂಟೆ ತೋರಿಸುತ್ತವೆ.

"ಮೇಡಂ, ಅದು ಏಕಸ್ವಾಮ್ಯ, ಜನರಿಗೆ ಬೇರೆ ದಾರಿಯೇ ಇರಲಿಲ್ಲ" ಎಂದು ಈಗಾಗಲೇ ಟೈಪಿಸುತ್ತಿರುವವರು ಸ್ವಲ್ಪ ತಾಳಿ. ಗೊತ್ತು. ವರ್ಷಕ್ಕೆ 1 ಪೌಂಡ್ ಕೊಟ್ಟು ರೇಡಿಯೊ ಲೈಸೆನ್ಸ್ ಪಡೆಯಬೇಕಿತ್ತು. ಸಿರಿವಂತರ ಉಚ್ಚಾರಣೆಯೇ ನಡೆಯುತ್ತಿತ್ತು; 1941ರಲ್ಲಿ ವಿಲ್ಫ್ರೆಡ್ ಪಿಕಲ್ಸ್ ಉತ್ತರ ಇಂಗ್ಲೆಂಡಿನ ತನ್ನ ಯಾರ್ಕ್‌ಷೈರ್ ಧಾಟಿಯಲ್ಲಿ ವಾರ್ತೆ ಓದಿದ್ದಕ್ಕೇ ಜನ ಗೊಣಗಿದ್ದರು. ಬೇಸತ್ತವರು ಹೊರದೇಶದ ಸ್ಟೇಷನ್ ರೇಡಿಯೊ ಲಕ್ಸೆಂಬರ್ಗ್ ತಿರುಗಿಸುತ್ತಿದ್ದರು. ಎಲ್ಲ ಒಪ್ಪಿದೆ. ಆದರೆ ಧಾಟಿ ಬದಲಾಯಿಸಲು ಬಾಯಿಯನ್ನೇ ಮುಚ್ಚದಂತೆ ಮಾಡಬೇಕಿತ್ತೇ?

ಇನ್ನು ನನ್ನ ವಿಷಯ. ಒಮ್ಮೆ ಡ್ಯೂಟಿಯಲ್ಲಿ ಮುಂದಿನ ಹಾಡು ಹಾಕುವುದು ಮರೆತು ಅರ್ಧ ನಿಮಿಷ ಮೌನ ಪ್ರಸಾರವಾಯಿತು. ಕಾರಣ ಕೇಳಿದ ಪತ್ರಕ್ಕೆ ಎರಡು ಪುಟ ಉತ್ತರ ಬರೆದೆ. ಆಗ ಮೌನವೆಂದರೆ ನನಗೂ ನಡುಕವೇ. ಈಗ? ಆ ಬಿಬಿಸಿ ಪಟ್ಟಿಗಳನ್ನು ಓದುವಾಗಲೂ ನನ್ನ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಬೆಳಿಗ್ಗೆ ಎದ್ದರೆ ಯಾರೋ ಅಪರಿಚಿತರು ಷೇರು ಮಾರುಕಟ್ಟೆಯ ಬಗ್ಗೆ ಹೇಳುತ್ತಿರುತ್ತಾರೆ. ನನ್ನ ಹತ್ತಿರ ಒಂದು ಷೇರೂ ಇಲ್ಲ.

ಕೆಂಗೇರಿಯಲ್ಲಿ ಅವರು ಗಡಬಡಿಸಿ ಎದ್ದರು, ಮೊಬೈಲನ್ನು ಅಂಗಿಯ ಜೇಬಿಗೆ ತುರುಕಿದರು, ಚೀಲ ಎಳೆದುಕೊಂಡು ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಅವರು ನಡೆದು ಹೋಗುತ್ತಿದ್ದಾಗಲೂ ಜೇಬಿನೊಳಗಿನಿಂದ ಜ್ಯೋತಿಷಿ ಕನ್ಯಾ ರಾಶಿಯವರಿಗೆ ಎಚ್ಚರಿಕೆ ಕೊಡುತ್ತಲೇ ಇದ್ದ.